ಜರ್ಮನಿಗೆ ವಲಸೆ: ಕುಟುಂಬಕ್ಕೆ ಯಾವ ವೀಸಾ?

ದಢೇಸುಗೂರು (ಸಿಂಧನೂರು ತಾಲೂಕು): ಕೃಷಿ ಸಂಶೋಧನಾ ಕೇಂದ್ರಕ್ಕೆ ಹೆಸರಾದ ಈ ಊರಿನ ಪದವೀಧರ ದಂಪತಿ ಮಗುವಿನೊಂದಿಗೆ ಜರ್ಮನಿಯಲ್ಲಿ ನೆಲೆಸಬಯಸಿದಲ್ಲಿ, ಐರೋಪ್ಯ ಒಕ್ಕೂಟದ ‘ಬ್ಲೂ ಕಾರ್ಡ್’ ಹೆಚ್ಚು ಸೂಕ್ತ. ಪದವಿಗೆ ತಕ್ಕ ಉದ್ಯೋಗದ ಕರಾರು ಹಾಗೂ ನಿಗದಿತ ವೇತನ ಇರಲೇಬೇಕು. ಬಾಳಸಂಗಾತಿಯು ಜರ್ಮನ್ ಭಾಷಾ ಪರೀಕ್ಷೆಯಿಲ್ಲದೆಯೇ ಜೊತೆಗೂಡಿ, ಅಲ್ಲಿ ಉದ್ಯೋಗವನ್ನೂ ಮಾಡಬಹುದು.

2024ರ ಜೂನ್ 1ರಂದು ಜಾರಿಗೆ ಬಂದ ‘ಆಪರ್ಚುನಿಟಿ ಕಾರ್ಡ್’ ಕೆಲಸ ಹುಡುಕಲು ಗರಿಷ್ಠ ಒಂದು ವರ್ಷ ನೀಡುತ್ತದೆ; ವಾರಕ್ಕೆ ಸರಾಸರಿ 20 ಗಂಟೆ ಅರೆಕಾಲಿಕ ದುಡಿಮೆಗೂ ಅವಕಾಶವುಂಟು. ಕೇಳಲು ಸೊಗಸು. ಆದರೆ ಇದರಡಿ ಸಾಮಾನ್ಯವಾಗಿ ಕುಟುಂಬವನ್ನು ಕರೆದೊಯ್ಯಲಾಗದು. ಜೀವನವೆಚ್ಚಕ್ಕೆ ಹಣವಿರುವುದನ್ನೂ ಮೊದಲೇ ತೋರಿಸಬೇಕು. ಕಾಲುವೆ ನೀರಿನ ಗದ್ದೆ ಮಾರಿ ಹೊರಡಬಯಸುವವರು ಇದನ್ನು ಗಮನಿಸುವುದೊಳಿತು.

ಪದವಿಗೆ ಅಲ್ಲಿ ಮಾನ್ಯತೆ ಇದೆಯೇ ಎಂಬುದನ್ನು ಏಜೆಂಟರಿಗೆ ಹಣ ತೆರದೆ, ಜರ್ಮನಿಯ ‘ಅನಾಬಿನ್’ ಜಾಲತಾಣದಲ್ಲಿ ಉಚಿತವಾಗಿ ಪರಿಶೀಲಿಸಬಹುದು.