ಐದು ಸಾವಿರ ವರ್ಷದ ನೆರೆಮನೆ

ಪ್ರವಾಸ ಹೋದವರು ಹೋಟೆಲಿನಲ್ಲಿ ಇಳಿದುಕೊಳ್ಳುವುದು ವಾಡಿಕೆ. ಯುರೋಪಿನಲ್ಲಿ ಇನ್ನೊಂದು ಪದ್ಧತಿಯೂ ಉಂಟು. ಅದು ವಾರದ ಮಟ್ಟಿಗೆ ಇಡೀ ಮನೆಯನ್ನೇ ಬಾಡಿಗೆಗೆ ಹಿಡಿಯುವುದು. ಪಾತ್ರೆ, ಒಲೆ, ಹಾಸಿಗೆ ಎಲ್ಲವೂ ಮನೆಯಲ್ಲೇ ಇರುತ್ತವೆ. ದಿನಸಿ ತಂದು ಬೇಯಿಸಿಕೊಳ್ಳುವುದಷ್ಟೇ ಬಂದವರ ಕೆಲಸ. ಸ್ಕಾಟ್ಲೆಂಡಿನ ಉತ್ತರ ತುದಿಯಾಚೆಯ ಆರ್ಕ್ನಿ ದ್ವೀಪಗಳಲ್ಲಿ ಇಂಥ ಮನೆಗಳಿಗೆ ಬೇಡಿಕೆ ಹೆಚ್ಚು. ಕಾರಣ, ಅಲ್ಲಿನ ಹೊಲಗಳ ನಡುವೆಯೇ ನಿಂತಿರುವ ಶಿಲಾಯುಗದ ಸ್ಮಾರಕಗಳು.

ಸುಮಾರು 70 ದ್ವೀಪಗಳ ಈ ಸಮೂಹದಲ್ಲಿ ಜನವಸತಿ ಇರುವುದು 20ರಷ್ಟರಲ್ಲಿ ಮಾತ್ರ. ಜನಸಂಖ್ಯೆ 22 ಸಾವಿರದ ಆಸುಪಾಸು. ಇವುಗಳಲ್ಲೇ ದೊಡ್ಡದಾದ ದ್ವೀಪದ ಪಶ್ಚಿಮ ದಂಡೆಯಲ್ಲಿ ಸ್ಕಾರಾ ಬ್ರೇ ಎಂಬ ಹಳ್ಳಿಯ ಅವಶೇಷವಿದೆ. 1850ರಲ್ಲಿ ಬೀಸಿದ ಭಾರಿ ಬಿರುಗಾಳಿ ಕಡಲತಡಿಯ ಮರಳ ದಿಬ್ಬವನ್ನು ಕೊಚ್ಚಿಹಾಕಿದಾಗ ಕೆಳಗಿನ ಕಲ್ಲುಗೋಡೆಗಳು ಹೊರಬಂದವು. 1928ರಿಂದ 1930ರವರೆಗೆ ಪುರಾತತ್ವಜ್ಞ ಗಾರ್ಡನ್ ಚೈಲ್ಡ್ ಅಲ್ಲಿ ಉತ್ಖನನ ನಡೆಸಿದರು.

ಕಲ್ಲಿನ ಮಂಚ, ಕಲ್ಲಿನ ಕಪಾಟು

ಸ್ಕಾರಾ ಬ್ರೇ ದೇವಾಲಯವೂ ಅಲ್ಲ, ಕೋಟೆಯೂ ಅಲ್ಲ. ಅದು ಸಂಸಾರಸ್ಥರು ಬದುಕಿದ ಕೇರಿ. ತಗ್ಗಾದ ಓಣಿಗಳಿಂದ ಒಂದಕ್ಕೊಂದು ಹೊಂದಿಕೊಂಡ ಎಂಟು ಕಟ್ಟಡಗಳು ಉಳಿದಿವೆ. ಹೆಚ್ಚಿನ ಮನೆಗಳ ವಿನ್ಯಾಸ ಒಂದೇ. ನಡುವೆ ಒಲೆ, ಅದರ ಎರಡೂ ಬದಿಗೆ ಕಲ್ಲಿನ ಮಂಚ, ಬಾಗಿಲಿಗೆ ಎದುರಾಗಿ ಕಲ್ಲಿನ ಕಪಾಟು. ದ್ವೀಪದಲ್ಲಿ ಮರ ವಿರಳ. ಹಲಗೆಯಂತೆ ಸೀಳುವ ಚಪ್ಪಡಿ ಕಲ್ಲು ಮಾತ್ರ ಯಥೇಚ್ಛ. ಹಾಗಾಗಿ ಪೀಠೋಪಕರಣವೂ ಕಲ್ಲಿನದೇ. ಬೇರೆಡೆ ಮರದ ಸಾಮಾನು ಮಣ್ಣುಪಾಲಾದರೆ, ಇಲ್ಲಿ ಐದು ಸಾವಿರ ವರ್ಷದ ಹಿಂದಿನ ಅಡುಗೆಮನೆ ಹಾಗೆಯೇ ಉಳಿಯಿತು. ಇಂದಿನ ಪ್ರವಾಸಿ ಬಾಡಿಗೆ ಮನೆಯಲ್ಲಿ ಒಲೆ ಹಚ್ಚಿ, ಅಲ್ಲಿಂದ ಹೊರಟು ನೋಡಲು ಹೋಗುವುದೂ ಇನ್ನೊಂದು ಒಲೆಯನ್ನೇ!

ಕೆಲವೇ ಮೈಲಿ ದೂರದಲ್ಲಿ, ಎರಡು ಸರೋವರಗಳ ನಡುವಣ ಕಿರಿದಾದ ನೆಲದ ಆಸುಪಾಸಿನಲ್ಲಿ ಸ್ಟೆನ್ನೆಸ್ ಹಾಗೂ ಬ್ರಾಡ್ಗರ್ ಎಂಬ ಎರಡು ಶಿಲಾವೃತ್ತಗಳಿವೆ. ಹತ್ತಿರದಲ್ಲೇ ಮೇಸ್‌ಹೋ ಎಂಬ ಗೋರಿಯೂ ಇದೆ. 12ನೇ ಶತಮಾನದಲ್ಲಿ ಈ ಗೋರಿಯೊಳಗೆ ನುಗ್ಗಿದ ನಾರ್ಸ್ ಜನ ಗೋಡೆಯ ಮೇಲೆ ತಮ್ಮ ಲಿಪಿಯಲ್ಲಿ ಸುಮಾರು 30 ಬರಹ ಕೆತ್ತಿದ್ದಾರೆ. ಕೆತ್ತಿದವರ ಹೆಸರು, ನಿಧಿಯ ಮಾತು, ಹೆಣ್ಣೊಬ್ಬಳ ಚೆಲುವಿನ ಬಣ್ಣನೆ ಎಲ್ಲವೂ ಅದರಲ್ಲಿವೆ. ಸ್ಮಾರಕದ ಮೇಲೆ ಹೆಸರು ಗೀಚುವ ಚಟ ಇಂದಿನದಲ್ಲ!

ಗೇಣಿದಾರನ ಸಿಟ್ಟು

ನೋಡಲು ಬರುವವರಿಗೂ ನೆಲ ಉಳುವವರಿಗೂ ನಡುವಿನ ತಿಕ್ಕಾಟವೂ ಇಲ್ಲಿ ಹಳೆಯದು. ಸ್ಟೆನ್ನೆಸ್ ವೃತ್ತದ ಸಮೀಪ ಓಡಿನ್ ಕಲ್ಲು ಎಂಬ ಒಂಟಿಗಲ್ಲಿತ್ತು. ಅದರಲ್ಲಿ ಒಂದು ರಂಧ್ರ. ಪ್ರೇಮಿಗಳು ಆಚೆ ಈಚೆ ನಿಂತು, ರಂಧ್ರದೊಳಗೆ ಕೈ ತೂರಿಸಿ, ಪರಸ್ಪರ ಹಿಡಿದು ಆಣೆ ಮಾಡುತ್ತಿದ್ದರು. ಆ ಆಣೆಗೆ ಊರಿನಲ್ಲಿ ಅಪಾರ ಮನ್ನಣೆ ಇತ್ತು.

ಆ ಜಮೀನನ್ನು ಗೇಣಿಗೆ ಹಿಡಿದಿದ್ದ ಕ್ಯಾಪ್ಟನ್ ಮೆಕೇ ಹೊರಗಿನಿಂದ ಬಂದವನು. ಕಲ್ಲು ನೋಡಲು ಬಂದವರೆಲ್ಲ ತನ್ನ ಹೊಲ ತುಳಿಯುತ್ತಾರೆಂದು ಬೇಸತ್ತ ಆತ 1814ರ ಡಿಸೆಂಬರ್‌ನಲ್ಲಿ ಓಡಿನ್ ಕಲ್ಲನ್ನು ಒಡೆಸಿದ. ವೃತ್ತದ ಒಂದು ಕಲ್ಲನ್ನು ಪುಡಿ ಮಾಡಿಸಿ, ಇನ್ನೊಂದನ್ನು ಉರುಳಿಸಿದ. ಕೆರಳಿದ ದ್ವೀಪವಾಸಿಗಳು ಅವನ ಮನೆಗೆ ಬೆಂಕಿಯಿಡಲೂ ಯತ್ನಿಸಿದರು. ಕೊನೆಗೆ ಇತಿಹಾಸಕಾರ ಮಾಲ್ಕಂ ಲೈಂಗ್ ಮಧ್ಯಪ್ರವೇಶಿಸಿ ಕಾನೂನಿನ ಮೂಲಕ ಅವನ ಕೈ ಕಟ್ಟಬೇಕಾಯಿತು. ಅದೇ ವರ್ಷದ ಬೇಸಿಗೆಯಲ್ಲಷ್ಟೇ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಈ ಕಲ್ಲುಗಳನ್ನು ನೋಡಿಹೋಗಿದ್ದ.

ಬ್ರಿಟನ್ನಿನಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣಾ ಕಾಯ್ದೆ ಬಂದದ್ದು 1882ರಲ್ಲಿ. 1906ರಲ್ಲಿ ಸ್ಟೆನ್ನೆಸ್‌ನ ಉರುಳಿದ ಕಲ್ಲನ್ನು ಮತ್ತೆ ನಿಲ್ಲಿಸಲಾಯಿತು. 1999ರಲ್ಲಿ ಸ್ಕಾರಾ ಬ್ರೇ, ಮೇಸ್‌ಹೋ ಹಾಗೂ ಎರಡೂ ಶಿಲಾವೃತ್ತಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ತಲೆಕೆಳಗಾದ ಲೆಕ್ಕ

ಮೆಕೇ ಕಾಲದಲ್ಲಿ ಸಂದರ್ಶಕ ಎಂದರೆ ಹೊಲಕ್ಕೆ ನಷ್ಟ. ಈಗ ಆತನೇ ಆದಾಯ. ಹಳೆಯ ರೈತರ ಮನೆ, ಕೊಟ್ಟಿಗೆಗಳೂ ದುರಸ್ತಿಗೊಂಡು ವಾರದ ಬಾಡಿಗೆಗೆ ಸಿಗುತ್ತವೆ. ಒಂದು ದಿನದ ಮಟ್ಟಿಗೆ ಹಡಗಿನಲ್ಲಿ ಬಂದು ಸಂಜೆಗೆ ಮರಳುವವನಿಗಿಂತ, ವಾರವಿಡೀ ತಂಗುವವನಿಂದ ಊರಿನ ಅಂಗಡಿಗೂ ವ್ಯಾಪಾರ. ಜನ ಕಡಿಮೆಯಿರುವ ಹೊತ್ತು ನೋಡಿ ಕಲ್ಲುಗಳ ಬಳಿ ಹೋಗುವ ಅನುಕೂಲವೂ ಅವನಿಗುಂಟು.

ಆದರೆ ಅತಿಥಿಗೆ ಕೊಟ್ಟ ಮನೆ ಊರಿನವರಿಗೆ ಸಿಗದು. ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಯುವಜನರಿಗೆ ಕಾಯಂ ವಾಸಕ್ಕೆ ಮನೆ ಸಿಗುವುದು ಕಷ್ಟ ಎಂಬ ದೂರು ಬಲವಾಗಿದೆ. ಅಲ್ಪಾವಧಿ ಬಾಡಿಗೆಗೆ ಪರವಾನಗಿ ಕಡ್ಡಾಯಗೊಳಿಸಿ 2022ರಲ್ಲಿ ಅಲ್ಲಿ ಕಾನೂನು ಜಾರಿಯಾಯಿತು. ಮೊದಲಿನಿಂದ ಬಾಡಿಗೆಗೆ ಕೊಡುತ್ತಿದ್ದವರಿಗೆ ಅರ್ಜಿ ಹಾಕಲು 2023ರ ಅಕ್ಟೋಬರ್ 1 ಕೊನೆಯ ದಿನವಾಗಿತ್ತು. ಮನೆಯ ಸುರಕ್ಷತೆಯ ಜತೆಗೆ, ಒಂದು ಮನೆಯಲ್ಲಿ ಎಷ್ಟು ಮಂದಿ ತಂಗಬಹುದೆಂಬುದೂ ಪರವಾನಗಿಯಲ್ಲಿ ನಿಗದಿಯಾಗುತ್ತದೆ.

ಸ್ಕಾರಾ ಬ್ರೇ ಇಂದು ನೋಡುವವರಿಗೆ ಅಚ್ಚರಿ ತರುವುದು ಒಂದು ಕಾಲಕ್ಕೆ ಅಲ್ಲಿ ಜನ ಬೆಂಕಿ ಹೊತ್ತಿಸಿ, ಬೇಯಿಸಿ, ಮಕ್ಕಳನ್ನು ಮಲಗಿಸಿದರೆಂಬ ಕಾರಣಕ್ಕೇ. ಅದರ ಸುತ್ತಲಿನ ಮನೆಗಳಲ್ಲಿ ವಾರದ ಅತಿಥಿಗಳಷ್ಟೇ ಉಳಿದು, ವರ್ಷವಿಡೀ ಒಲೆ ಹಚ್ಚುವವರು ಇಲ್ಲವಾದರೆ ಕಲ್ಲುಗಳಿಗೆ ನೆರೆಹೊರೆಯೇ ಇರದು. ಉರುಳಿದ ಕಲ್ಲನ್ನು ಮತ್ತೆ ಎತ್ತಿ ನಿಲ್ಲಿಸಬಹುದು; ಬರಿದಾದ ಊರನ್ನು ಮತ್ತೆ ತುಂಬಿಸುವುದು ಅಷ್ಟು ಸುಲಭವಲ್ಲ.