ಗಡಿಯಾರ ನಂಬಬೇಡಿ, ಗೆರೆ ನೋಡಿ (ಭಾಗ 4)

ಕಳೆದ ಸಲ ಒಂದೇ ಕಂಪ್ಯೂಟರ್‌ನಲ್ಲಿ ಬಗ್ ಹಿಡಿಯೋದು ನೋಡಿದ್ವಿ. ಈಗ ಪ್ರೋಗ್ರಾಂ ಮೂರು ಮಷಿನ್‌ಗಳಲ್ಲಿ ಹಂಚಿಕೊಂಡು ಓಡ್ತಿದೆ ಅಂದ್ಕೊಳ್ಳಿ. ಮೂರು ಲಾಗ್ ಫೈಲ್. ಟೈಮ್ ಪ್ರಕಾರ ಜೋಡಿಸಿದ್ರೆ ಆಯ್ತು, ಅಲ್ವಾ?

ನಾವೂ ಹಾಗೇ ಮಾಡಿದ್ವಿ. ನಮ್ಮ ಪ್ರಾಜೆಕ್ಟ್‌ನ ಲಾಗ್‌ನಲ್ಲಿ ಪ್ರಶ್ನೆ ಹೋಗೋಕೆ ಮುಂಚೇನೇ ಉತ್ತರ ಬಂದಿತ್ತು! ರಾತ್ರಿಯಿಡೀ ಕೋಡ್ ಕೆದಕಿದ್ವಿ. ಕೋಡ್ ಸರಿಯಾಗೇ ಇತ್ತು. ಒಂದು ಲ್ಯಾಪ್‌ಟಾಪ್‌ನ ಗಡಿಯಾರ ಎರಡು ಸೆಕೆಂಡ್ ಹಿಂದಿತ್ತು, ಅಷ್ಟೇ.

ಈ ತಲೆನೋವಿಗೆ 1978ರಲ್ಲೇ ಲೆಸ್ಲಿ ಲ್ಯಾಂಪೋರ್ಟ್ ಒಂದು ಪ್ರಬಂಧ ಬರೆದಿದ್ರು. ದೂರದೂರದ ಮಷಿನ್‌ಗಳ ಗಡಿಯಾರ ಪೂರ್ತಿ ಹೊಂದೋದಿಲ್ಲ. ಹಾಗಾದ್ರೆ 'ಮೊದಲು' ಅಂದ್ರೆ ಏನು? ಖಚಿತವಾಗಿ ಗೊತ್ತಿರೋದು ಎರಡೇ. ಒಂದು ಮಷಿನ್‌ನ ಒಳಗಿನ ಕ್ರಮ, ಮತ್ತೆ ಮೆಸೇಜ್ ಕಳಿಸಿದ ಮೇಲೇ ಅದು ತಲುಪುತ್ತೆ ಅನ್ನೋದು. ಇದನ್ನ ಅವರು ಚಿತ್ರದಲ್ಲೇ ತೋರಿಸಿದ್ರು: ಪ್ರತಿ ಪ್ರೋಸೆಸ್‌ಗೆ ಒಂದು ಉದ್ದ ಗೆರೆ, ಘಟನೆಗೆ ಚುಕ್ಕಿ, ಮೆಸೇಜ್‌ಗೆ ಅಲೆಯಂಥ ಗೆರೆ, ಸಮಯ ಕೆಳಗಿನಿಂದ ಮೇಲಕ್ಕೆ. ಗೆರೆ ಹಿಡಿದು ಮೇಲಕ್ಕೆ ಹೋಗ್ತಾ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಸೇರೋಕಾದ್ರೆ, ಮೊದಲನೆಯದು ಎರಡನೆಯದಕ್ಕೆ ಕಾರಣ ಆಗಿರಬಹುದು. ದಾರಿನೇ ಇಲ್ವಾ? ಹಾಗಾದ್ರೆ ಯಾವುದು ಮೊದಲು ಅನ್ನೋ ಪ್ರಶ್ನೆಗೇ ಅರ್ಥ ಇಲ್ಲ. ಐನ್‌ಸ್ಟೈನ್ ವಾಸನೆ ಬಂತಾ? ಹೌದು, ಲ್ಯಾಂಪೋರ್ಟ್‌ಗೆ ಸಾಪೇಕ್ಷತಾ ಸಿದ್ಧಾಂತ ಗೊತ್ತಿತ್ತು. (ರೈಲ್ವೆಯವರು ಇಂಥದ್ದೇ ಚಿತ್ರವನ್ನ 19ನೇ ಶತಮಾನದಲ್ಲೇ ಬರೀತಿದ್ರು, ಅದು ಬೇರೆ ಕಥೆ.)

1988ರ ಸುಮಾರಿಗೆ ಕಾಲಿನ್ ಫಿಜ್, ಫ್ರೀಡೆಮನ್ ಮ್ಯಾಟರ್ನ್ ಬೇರೆ ಬೇರೆಯಾಗಿ ವೆಕ್ಟರ್ ಕ್ಲಾಕ್ ಕೊಟ್ರು. ಪ್ರತಿ ಮೆಸೇಜ್ ಜೊತೆ ಎಲ್ಲ ಪ್ರೋಸೆಸ್‌ಗಳ ಎಣಿಕೆಯೂ ಹೋಗುತ್ತೆ. ಎರಡು ಎಣಿಕೆ ಹೋಲಿಸಿದ್ರೆ ದಾರಿ ಇದೆಯೋ ಇಲ್ವೋ ಗೊತ್ತಾಗುತ್ತೆ. ಅಂದ್ರೆ ಚಿತ್ರವನ್ನ ಕಂಪ್ಯೂಟರೇ ಬರೀಬಹುದು! ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಶಿವಿಜ್ ಮಾಡೋದು ಇದನ್ನೇ. ಬ್ರೌಸರ್‌ನಲ್ಲಿ ಲಾಗ್ ಹಾಕಿದ್ರೆ ಗೆರೆಗಳು ಬರುತ್ತವೆ. ಸರಿಯಾಗಿ ಓಡಿದ್ದನ್ನೂ ಕೆಟ್ಟು ಓಡಿದ್ದನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ನೋಡಬಹುದು. ನನ್ನ ಪ್ರಕಾರ ಇದರ ಅಸಲಿ ಉಪಯೋಗ ಅದೇ. ಆದ್ರೆ ಲಾಗ್‌ನಲ್ಲಿ ಬರೆಯದೇ ಇದ್ದದ್ದು ಚಿತ್ರದಲ್ಲೂ ಬರಲ್ಲ.

ಕಂಪನಿಗಳು ಹಿಡಿದದ್ದು ಇನ್ನೊಂದು ದಾರಿ. 2010ರಲ್ಲಿ ಗೂಗಲ್ ತನ್ನ ಡ್ಯಾಪರ್ ಬಗ್ಗೆ ಬರೆಯಿತು: ಪ್ರತಿ ರಿಕ್ವೆಸ್ಟ್‌ಗೆ ಒಂದು ನಂಬರ್, ಅದು ಹೋದ ಸರ್ವರ್‌ಗಳಲ್ಲಿ ಕಳೆದ ಸಮಯಕ್ಕೆ ಒಂದೊಂದು ಪಟ್ಟಿ. ಆಮೇಲೆ ಟ್ವಿಟರ್‌ನ ಜಿಪ್‌ಕಿನ್, ಉಬರ್‌ನ ಯೇಗರ್ ಬಂದವು. ಆದ್ರೆ ಪಟ್ಟಿ ಬರೆಯೋಕೆ ಮತ್ತೆ ಗಡಿಯಾರವೇ ಬೇಕಲ್ಲ! ಸಮಯ ಏರುಪೇರಾದಾಗ ಡ್ಯಾಪರ್ ತಂಡ ಹಿಡಿದ ಆಸರೆ ಏನು ಗೊತ್ತಾ? ಕಳಿಸಿದ ಮೇಲೇ ತಲುಪುತ್ತೆ.

ನಿಮ್ಮ ಲಾಗ್‌ನಲ್ಲೂ ಉತ್ತರ ಮೊದಲೇ ಬಂದಿದ್ಯಾ? ಕಾಮೆಂಟ್‌ನಲ್ಲಿ ಹೇಳಿ.