ರೈತರೇ ಕ್ಯಾಮೆರಾ ಮುಂದೆ ನಿಂತಾಗ

ವಿಡಿಯೊ ಹಾಕಿ ಬೆಲ್ಲ, ರಾಗಿ, ಕೋಳಿಮರಿ ಮಾರುವ ರೈತರನ್ನು ನೀವೂ ಫೋನಿನಲ್ಲಿ ನೋಡಿರುತ್ತೀರಿ. ಈ ದಾರಿ ಇಂದು ನಿನ್ನೆಯದಲ್ಲ.

1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಉಪಗ್ರಹ ಟಿ.ವಿ. ಪ್ರಯೋಗ ಶುರುವಾಯಿತು. ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಒಂದು ವರ್ಷ ಕೃಷಿ, ಆರೋಗ್ಯದ ಕಾರ್ಯಕ್ರಮ ನೋಡಿದವು. ಹಳ್ಳಿಯವರು ಹೆಚ್ಚಾಗಿ ನೋಡುಗರಷ್ಟೇ ಆಗಿದ್ದರು.

2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರಿಕಿನ್ ಗಾಂಧಿ ಮತ್ತು ಜೊತೆಗಾರರು ರೈತರನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದರು. ಸಂಜೆ ಹಳ್ಳಿಯಲ್ಲಿ ಟಿ.ವಿ., ಡಿ.ವಿ.ಡಿ. ಇಟ್ಟು ತೋರಿಸುತ್ತಿದ್ದರು. ಊರಿನವರೇ ಒಬ್ಬರು ನಡುನಡುವೆ ನಿಲ್ಲಿಸಿ ಚರ್ಚೆ ಮಾಡಿಸುತ್ತಿದ್ದರು. 16 ಹಳ್ಳಿ, 1,470 ಮನೆಗಳಲ್ಲಿ 13 ತಿಂಗಳು ನಡೆದ ಪ್ರಯೋಗದಲ್ಲಿ ಕೆಲವು ಬೇಸಾಯ ಕ್ರಮಗಳನ್ನು ಅಳವಡಿಸಿಕೊಂಡವರು ಹಳೆಯ ಪದ್ಧತಿಗಿಂತ ಏಳು ಪಟ್ಟು ಹೆಚ್ಚು. ಅದೇ ಮುಂದೆ ‘ಡಿಜಿಟಲ್ ಗ್ರೀನ್’ ಸಂಸ್ಥೆಯಾಯಿತು.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಕ್ಯಾಮೆರಾ, ಟಿ.ವಿ., ಅಂಗಡಿ ಮೂರೂ ಒಂದೇ ಫೋನಿಗೆ ಬಂದವು. ಆದರೆ 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ, ಅಲ್ಲಿ ಕೂಡಿಸಿದ್ದ ನೋಡುಗರು ಕೈತಪ್ಪಿ ಹೋದರು.

ಹಾಗಾಗಿ ವಿಡಿಯೊದಲ್ಲಿ ನಿಮ್ಮ ಮುಖ, ಊರು, ಹೊಲ ಕಾಣಲಿ. ಕೊಂಡವರ ನಂಬರನ್ನು ಒಂದು ಪುಸ್ತಕದಲ್ಲೂ ಬರೆದಿಡಿ. ಆ್ಯಪ್ ಹೋದರೂ ಗಿರಾಕಿ ಉಳಿಯಬೇಕಲ್ಲ?